ಹಿಂದೂಪುರದಲ್ಲಿ ಅಂಟಿದ ಹುಚ್ಚು

ಮಾಸ್ತರನ ಕೈಯಲ್ಲಿ ಸೀಮೆಸುಣ್ಣ ಕಂಡರೆ ಯಾರೂ ಏನೂ ಕೇಳುವುದಿಲ್ಲ. ಕ್ಯಾಮರಾ ಕಂಡರೆ ಮಾತ್ರ, "ಏನು ಮಾಷ್ಟ್ರೇ, ಮದುವೆ ಆರ್ಡರು ಹಿಡಿದಿರೋ?" ಎಂದು ನಗುತ್ತಾರೆ. ನಾನೂ ನಗುತ್ತೇನೆ. ನಲ್ವತ್ತು ದಾಟಿದ ಮೇಲೆ ಅಂಟಿದ ಹುಚ್ಚು ಇದು. ಇದರಿಂದ ಕಾಸು ಹುಟ್ಟಿಲ್ಲ, ಬಹುಮಾನ ಬಂದಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಬತ್ತಿಹೋಗಿದ್ದ ನನ್ನ ಮನಸ್ಸಿಗೆ ಮತ್ತೆ ಒರತೆ ಮೂಡಿಸಿದ್ದು ಇದೇ ಎಂದರೆ ತಪ್ಪಾಗಲಾರದು.

ಆ ವರ್ಷ ಜೂನ್ ತಿಂಗಳಲ್ಲಿ, ಆರನೆಯ ಕೆಲಸದ ದಿನದ ತಲೆಯೆಣಿಕೆಯಲ್ಲಿ, ನಮ್ಮ ಕನ್ನಡ ಮಾಧ್ಯಮದ ಒಂದು ಡಿವಿಷನ್ ಬಿದ್ದುಹೋಯಿತು. ಮಕ್ಕಳು ಸಾಲಲಿಲ್ಲ. ಇದರ ಅರ್ಥವೇನೆಂದು ಈ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಬೇರೆ ಶಾಲೆಗೆ ಹೋಗಬೇಕಾಯಿತು. ಸಂಜೆ ಮನೆಗೆ ಬಂದರೆ ಮಾತು ಬೇಡ, ಓದು ಬೇಡ, ಊಟವೂ ಬೇಡ. ಇನ್ನು ಹತ್ತು ವರ್ಷಕ್ಕೆ ಯಾರಿಗೆ ಪಾಠ ಹೇಳುವುದು ಎಂಬ ಒಂದೇ ಯೋಚನೆ. ಕೊನೆಗೆ ಮನೆಯವಳೇ, "ಕ್ರಿಸ್ಮಸ್ ರಜೆಯಲ್ಲಿ ತಂಗಿಯ ಮನೆಗಾದರೂ ಹೋಗಿ ಬನ್ನಿ" ಎಂದಳು.

ನನ್ನ ತಂಗಿಯನ್ನು ಕೊಟ್ಟಿರುವುದು ಹಿಂದೂಪುರಕ್ಕೆ. ಹೊರಡುವ ಮುನ್ನ ಪೆಟ್ಟಿಗೆಯಲ್ಲಿ ಅಂಗಿ ಹುಡುಕುವಾಗ ತೀರಿಕೊಂಡ ಅಪ್ಪನ ಆಗ್ಫಾ ಕ್ಲಿಕ್ ತ್ರೀ ಕ್ಯಾಮರಾ ಸಿಕ್ಕಿತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಅದಕ್ಕಾಗಿ ಅಪ್ಪ ಗುಂಡಿ ಒತ್ತುವ ಮೊದಲು ಅಂಗಳದಲ್ಲಿ ನಮ್ಮನ್ನು ಹತ್ತು ಸಲ ಆಚೀಚೆ ಸರಿಸುತ್ತಿದ್ದರು. ಆಗ ನಮಗೆ ಅದು ಶಿಕ್ಷೆ. ಆ ರೋಲು ಈಗ ಹಳ್ಳಿಯಲ್ಲಿ ಎಲ್ಲಿ ಸಿಗಬೇಕು? ಗಲ್ಫಿನಿಂದ ರಜೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ತಾನು ಬಳಸಿ ಬಿಟ್ಟ ಡಿಜಿಟಲ್ ಕ್ಯಾಮರಾವನ್ನು, "ಸರ್, ಇದನ್ನು ಕೊಂಡುಹೋಗಿ" ಎಂದು ಕೊಟ್ಟ.

ಹಿಂದೂಪುರವೆಂದರೆ ನಮಗೆ ದೂರದ ಊರು. ಆದರೆ ಒಂದು ಕಾಲದಲ್ಲಿ ನಾವಿಬ್ಬರೂ ಒಂದೇ ಮನೆಯವರು. ಅನಂತಪುರ ಜಿಲ್ಲೆಯೂ, ಕಾಸರಗೋಡು ಸೇರಿದ್ದ ದಕ್ಷಿಣ ಕನ್ನಡವೂ ಹಳೆಯ ಮದ್ರಾಸಿನ ಆಡಳಿತದಲ್ಲಿದ್ದವು. 1953ರಲ್ಲಿ ಅವರು ಆಂಧ್ರಕ್ಕೆ ಹೋದರು, 1956ರಲ್ಲಿ ನಾವು ಕೇರಳಕ್ಕೆ ಬಂದೆವು. 2022ರ ಏಪ್ರಿಲಿನಲ್ಲಿ ಅಲ್ಲಿಯೂ ಜಿಲ್ಲೆಗಳನ್ನು ಪುನಃ ವಿಂಗಡಿಸಿ, ಹಿಂದೂಪುರವನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದರು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಗಡಿ ಎಷ್ಟು ಸಲ ಬದಲಾದರೂ ಸಂತೆಯಲ್ಲಿ ಕನ್ನಡ ಕೇಳಿಸುತ್ತದೆ, ಪಕ್ಕದಲ್ಲೇ ತೆಲುಗು. ಒಂದೇ ವಾಕ್ಯದಲ್ಲಿ ಎರಡೂ ಬರುವುದುಂಟು, ನಮ್ಮಲ್ಲಿ ಕನ್ನಡ, ತುಳು, ಮಲೆಯಾಳ ಬೆರೆಯುವ ಹಾಗೆ.

ಮರುದಿನ ಭಾವ ನನ್ನನ್ನು ಲೇಪಾಕ್ಷಿಗೆ ಕರೆದೊಯ್ದರು. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ (1529–1542) ವಿರೂಪಣ್ಣ, ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯ ಅಲ್ಲಿದೆ. ಹೊರಗೆ ಒಂದೇ ಬಂಡೆಯಲ್ಲಿ ಕಡೆದ ಬೃಹತ್ ನಂದಿ. 2022ರಲ್ಲಿ ಇವೆರಡೂ ಯುನೆಸ್ಕೋದ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿವೆ. ಯಾತ್ರಿಕರೆಲ್ಲ ನೆಲಕ್ಕೆ ಪೂರ್ತಿ ತಾಗದ ತೂಗುವ ಕಂಬದ ಅಡಿಯಲ್ಲಿ ಬಟ್ಟೆ ತೂರಿಸಿ ನೋಡುತ್ತಾರೆ. ನಾನೂ ನೋಡಿದೆ, ಚಿತ್ರ ತೆಗೆದೆ. ಎಲ್ಲರೂ ತೆಗೆಯುವಂಥದೇ ಚಿತ್ರ.

ಒಳಗೆ ಮಂಟಪದ ಒಳಮಾಳಿಗೆಯ ತುಂಬ ವರ್ಣಚಿತ್ರಗಳು. ಗಾರೆಯ ಮೇಲೆ ಕಾವಿ, ಕಪ್ಪು, ಹಸಿರು, ಹಳದಿ ಬಣ್ಣಗಳಲ್ಲಿ ಬರೆದ ದೇವತೆಗಳು, ರಾಜಪರಿವಾರದವರು, ಬಗೆಬಗೆಯ ಅಂಚಿನ ಸೀರೆಯುಟ್ಟ ಹೆಂಗಸರು. ಅಲ್ಲಿ ಬೆಳಕು ಕಡಿಮೆ. ಹಳೆಯ ಬಣ್ಣಕ್ಕೆ ಫ್ಲಾಶ್ ಹೊಡೆಯುವುದು ತರವಲ್ಲ. ಕೈಯಲ್ಲಿ ಹಿಡಿದು ತೆಗೆದ ಚಿತ್ರಗಳೆಲ್ಲ ಅಲುಗಿ ಮಸುಕಾದವು. ಬೇಸರದಿಂದ ಕ್ಯಾಮರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿದೆ. ಆಗ ಹೊಳೆಯಿತು. ಹತ್ತು ಸೆಕೆಂಡಿನ ಟೈಮರ್ ಇಟ್ಟು, ಗುಂಡಿ ಒತ್ತಿ, ಕೈ ತೆಗೆದುಬಿಟ್ಟೆ. ಕ್ಯಾಮರಾ ತಾನಾಗಿ ಕಣ್ಣು ತೆರೆದು, ಮೆಲ್ಲನೆ ಬೆಳಕು ಕುಡಿದು, ಮುಚ್ಚಿತು. ತೆರೆಯ ಮೇಲೆ ನೋಡುತ್ತೇನೆ, ಬರಿಗಣ್ಣಿಗೆ ಕಾಣದಿದ್ದ ಸೀರೆಯ ಅಂಚು ಸ್ಪಷ್ಟವಾಗಿ ಮೂಡಿದೆ! ಜೂನ್ ತಿಂಗಳ ನಂತರ ನಾನು ಗಟ್ಟಿಯಾಗಿ ನಕ್ಕದ್ದು ಅಂದೇ ಮೊದಲು.

ಅದಕ್ಕಿಂತ ಹೆಚ್ಚಿನದು ಸಂಜೆಗೆ ಕಾದಿತ್ತು. ದೇವಾಲಯದ ಗೋಡೆಗಳಲ್ಲಿ ಕನ್ನಡ ಶಾಸನಗಳಿವೆ. ಮಧ್ಯಾಹ್ನ ನೋಡಿದಾಗ ಸವೆದ ಕಲ್ಲು, ಏನೋ ಗೀಚಿದ ಹಾಗೆ. ಐದು ಗಂಟೆಯ ಹೊತ್ತಿಗೆ ಬಿಸಿಲು ಗೋಡೆಗೆ ಓರೆಯಾಗಿ ಬಿತ್ತು. ಅಕ್ಷರದ ಪ್ರತಿಯೊಂದು ತಗ್ಗಿನಲ್ಲೂ ನೆರಳು ನಿಂತಿತು. 'ಶ್ರೀ' ಕಂಡಿತು, ಮುಂದೆ ಒಂದೊಂದಾಗಿ ಉಳಿದವು. ನೇರ ಬೆಳಕು ಅಕ್ಷರವನ್ನು ಅಳಿಸುತ್ತದೆ, ಓರೆ ಬೆಳಕು ಎಬ್ಬಿಸುತ್ತದೆ. ಶಾಸನ ಓದುವವರಿಗೆ ಇದು ಗೊತ್ತಿರುವ ಸಂಗತಿ. ನನಗೆ ಹೊಸದು. ಆಂಧ್ರದ ನೆಲದಲ್ಲಿ ಐದು ಶತಮಾನಗಳಿಂದ ನಿಂತಿರುವ ಆ ಕನ್ನಡವನ್ನು ನೋಡುತ್ತ, ಬಿದ್ದುಹೋದ ನನ್ನ ಡಿವಿಷನ್ ನೆನಪಾಯಿತು. ಕಲ್ಲಿನಲ್ಲಿ ಉಳಿದರೆ ಸಾಲದು, ಓದುವ ಕಣ್ಣೂ ಉಳಿಯಬೇಕು ಎನ್ನಿಸಿತು.

ಇನ್ನೆರಡು ದಿನ ಬಿಟ್ಟು ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಗೆ, ಭಾವನ ನೆಂಟರ ಮನೆಗೆ ಹೋದೆವು. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಆ ಸೀಮೆಯಲ್ಲಿ ಐನೂರೈವತ್ತರ ಆಸುಪಾಸು. ಕೆಂಪು ಹೊಲ, ಗುಂಡುಬಂಡೆಯ ಗುಡ್ಡ, ಅಡ್ಡಿಯಿಲ್ಲದ ಆಕಾಶ. ಕಣದಲ್ಲಿ ಅಜ್ಜಿಯೊಬ್ಬಳು ಕಿತ್ತು ಒಟ್ಟಿದ ಕಡಲೆಗಿಡಗಳಿಂದ ಕಾಯಿ ಬಿಡಿಸುತ್ತ ಕುಳಿತಿದ್ದಳು. ಮುಖದ ಸುಕ್ಕಿನ ಮೇಲೆ ಒಳ್ಳೆಯ ಬೆಳಕು. ಕ್ಯಾಮರಾ ಎತ್ತಿದೆ. ಅವಳು ಕೈ ಅಡ್ಡ ಹಿಡಿದಳು.

"ನನ್ ಮುಖ ಯಾಕಪ್ಪಾ? ಇದನ್ ತಗಿ" ಎಂದು ಒಂದು ಗಿಡ ಎತ್ತಿ ಹಿಡಿದಳು. ಅದರಲ್ಲಿ ಮೂರೇ ಕಾಯಿ. "ಮಳಿ ಬರ್ಲಿಲ್ಲ ಅಂತ ಹೇಳಿದ್ರೆ ಯಾರೂ ನಂಬಲ್ಲ. ಪಟ ತೋರಿಸಿದ್ರೆ ನಂಬ್ತಾರೆ."

ನನಗೆ ನಾಚಿಕೆಯಾಯಿತು. ನಾನು ಸುಕ್ಕಿನ ಚಂದ ನೋಡುತ್ತಿದ್ದೆ, ಅವಳು ಬೆಳೆಯ ಲೆಕ್ಕ ಹೇಳುತ್ತಿದ್ದಳು. ಅವಳ ಕೈಯನ್ನೂ ಆ ಗಿಡವನ್ನೂ ತೆಗೆದೆ. ಊರಿಗೆ ಬಂದು ಎರಡು ಪ್ರತಿ ಹಾಕಿಸಿ ತಂಗಿಗೆ ಅಂಚೆಯಲ್ಲಿ ಕಳಿಸಿದೆ. ಒಂದನ್ನು ಅಜ್ಜಿ ದೇವರ ಗೂಡಿನ ಪಕ್ಕ ಸಿಕ್ಕಿಸಿಕೊಂಡಿದ್ದಾಳಂತೆ. ಇನ್ನೊಂದನ್ನು ಮಗ ಬೆಳೆನಷ್ಟದ ಅರ್ಜಿಯ ಜತೆ ಇಟ್ಟನಂತೆ. ಪರಿಹಾರ ಬಂತೋ ಇಲ್ಲವೋ, ತಂಗಿ ಬರೆಯಲಿಲ್ಲ. ನಾನು ತೆಗೆದ ಸಾವಿರಾರು ಚಿತ್ರಗಳಲ್ಲಿ ನನಗೆ ಹೆಚ್ಚಿನದು ಅದೇ.

ಹೊಟ್ಟೆಪಾಡಿನ ಕೆಲಸ ಬೇರೆ, ಮನಸ್ಸಿನ ಕೆಲಸ ಬೇರೆ ಎಂದು ಗೊಣಗುವವರಿಗೆ ನಮ್ಮ ಕನ್ನಡನಾಡಿನಲ್ಲೇ ಉತ್ತರವುಂಟು. ಸಂಡೂರಿನ ಎಂ. ವೈ. ಘೋರ್ಪಡೆಯವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಅರ್ಥಸಚಿವರಾಗಿದ್ದವರು. ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಂದ ಹೊರದೇಶಗಳಲ್ಲೂ ಹೆಸರಾದರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ, ಕತೆ ಬರೆಯುತ್ತ, ಹಕ್ಕಿಗಳಿಗಾಗಿ ಕ್ಯಾಮರಾ ಹಿಡಿದು ಕಾದರು. ಮೈಸೂರಿನ ಟಿ. ಎಸ್. ಸತ್ಯನ್ ಅದನ್ನೇ ವೃತ್ತಿ ಮಾಡಿಕೊಂಡು, ಸಾಮಾನ್ಯ ಜನರ ಮುಖಗಳನ್ನು ಜಗತ್ತಿಗೆ ತೋರಿಸಿ 1977ರಲ್ಲಿ ಪದ್ಮಶ್ರೀ ಪಡೆದರು. ಅವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲ. ಕಾಯುವುದನ್ನು ಮಾತ್ರ ಅವರಿಂದ ಕಲಿಯಬಹುದು.

ಈಗ ಶನಿವಾರಗಳಂದು ನಾಲ್ಕಾರು ಮಕ್ಕಳು ನನ್ನ ಜತೆ ಬರುತ್ತಾರೆ. ಮನೆಯವರ ಮೊಬೈಲು ಅವರ ಕೈಯಲ್ಲಿ. ಒಂದೇ ಷರತ್ತು: ಅಪ್ಪನ ರೋಲಿನಂತೆ ದಿನಕ್ಕೆ ಹನ್ನೆರಡೇ ಚಿತ್ರ, ಪ್ರತಿಯೊಂದಕ್ಕೂ ಕನ್ನಡದಲ್ಲಿ ಎರಡು ಸಾಲು. ಅಂಗಡಿಯ ಹಳೆಯ ಕನ್ನಡ ಬೋರ್ಡು, ಅಜ್ಜಿಯ ಅಡಿಕೆ ಕತ್ತರಿ, ಪಾಳುಬಿದ್ದ ಕಟ್ಟೆ, ಎಲ್ಲವೂ ಬರುತ್ತವೆ. ಪ್ರಬಂಧ ಬರೆ ಎಂದರೆ ಪೆನ್ನು ಕಚ್ಚುವ ಹುಡುಗ ಚಿತ್ರದ ಕೆಳಗೆ ಎರಡು ಸಾಲು ಹೋಗಿ ಪುಟವನ್ನೇ ಬರೆದು ತಂದ. ಡಿವಿಷನ್ ಇದರಿಂದ ವಾಪಸು ಬರುವುದಿಲ್ಲ, ಬಲ್ಲೆ. ಆದರೆ ಸೋಮವಾರ ಬೆಳಗ್ಗೆ ಶಾಲೆಯ ಮೆಟ್ಟಿಲು ಹತ್ತುವಾಗ ಕಾಲು ಹಿಂದಿನಂತೆ ಭಾರವಾಗುವುದಿಲ್ಲ.

ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಹಳೆಯ ಫೋಟೋಗಳಿರಬಹುದು. ಮನೆಯ ಹಿರಿಯರಿರುವಾಗಲೇ ಅವರನ್ನು ಕೂರಿಸಿಕೊಂಡು ಕೇಳಿ. ಪ್ರತಿ ಚಿತ್ರದ ಹಿಂದೆ ಮೆತ್ತಗೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆದಿಡಿ. ಕನ್ನಡದಲ್ಲಿ ಬರೆಯಿರಿ. ಹೆಸರಿಲ್ಲದ ಮುಖ ಮಧ್ಯಾಹ್ನದ ಬಿಸಿಲಿನ ಶಾಸನದ ಹಾಗೆ, ಇದ್ದೂ ಕಾಣದು.