ವರ್ತಕರು ಕಟ್ಟಿದ ಕಲಾಭಂಡಾರ
ಷಿಕಾಗೊ ನಗರದ ಕಲಾ ಸಂಗ್ರಹಾಲಯಗಳ ಒಂದು ಪರಿಚಯ

ಅಮೆರಿಕದ ಷಿಕಾಗೊ ನಗರದ ಹೆಸರು ವ್ಯಾಪಾರ ವಲಯಕ್ಕೆ ಹೊಸದೇನಲ್ಲ. ಮಿಷಿಗನ್ ಸರೋವರದ ದಂಡೆಯ ಮೇಲಿರುವ ಅಲ್ಲಿನ ಮೆಕಾರ್ಮಿಕ್ ಪ್ಲೇಸ್ ಉತ್ತರ ಅಮೆರಿಕದ ಅತಿದೊಡ್ಡ ವಸ್ತುಪ್ರದರ್ಶನ ಕೇಂದ್ರ. ಎರಡು ವರ್ಷಗಳಿಗೊಮ್ಮೆ ಅಲ್ಲಿ ನಡೆಯುವ ಅಂತರರಾಷ್ಟ್ರೀಯ ಉತ್ಪಾದನಾ ತಂತ್ರಜ್ಞಾನ ಮೇಳಕ್ಕೆ ಯಂತ್ರೋಪಕರಣ ತಯಾರಕರು ಪ್ರಪಂಚದ ಮೂಲೆಮೂಲೆಗಳಿಂದ ಬಂದು ಸೇರುತ್ತಾರೆ. ಮೇಳದ ಮಳಿಗೆಗಳನ್ನು ಸುತ್ತಿ, ಬೆಲೆಪಟ್ಟಿಗಳನ್ನು ಸಂಗ್ರಹಿಸಿ, ಮರುದಿನದ ವಿಮಾನ ಹಿಡಿಯುವವರೇ ಹೆಚ್ಚು. ಆದರೆ ಅದೇ ಸರೋವರದ ದಂಡೆಯಲ್ಲಿ, ರೈಲಿನಲ್ಲಿ ಕೆಲವೇ ನಿಮಿಷಗಳ ದೂರದಲ್ಲಿ, ವರ್ತಕರಾದವರು ಅವಶ್ಯವಾಗಿ ನೋಡಬೇಕಾದ ಒಂದು ಸಂಸ್ಥೆಯಿದೆ. ಅದು ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಷಿಕಾಗೊ. ಅದನ್ನು ಕಟ್ಟಿದವರು ರಾಜರಲ್ಲ, ಸರ್ಕಾರವೂ ಅಲ್ಲ. ಧಾನ್ಯ, ಮರಮುಟ್ಟು, ಜವಳಿ ಮತ್ತು ಕಬ್ಬಿಣದ ಸಾಮಾನುಗಳ ವ್ಯಾಪಾರಿಗಳು.

ಬೂದಿಯ ಮೇಲೆ ಎದ್ದ ಸಂಸ್ಥೆ

1871ರ ಅಕ್ಟೋಬರ್‌ನಲ್ಲಿ ಎದ್ದ ಮಹಾ ಅಗ್ನಿದುರಂತವು ಷಿಕಾಗೊ ನಗರದ ಹೃದಯಭಾಗವನ್ನು ಸುಟ್ಟುಹಾಕಿತು. ಸುಮಾರು ಮುನ್ನೂರು ಜನ ಪ್ರಾಣ ಕಳೆದುಕೊಂಡರು. ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಚಿತ್ರಕಾರರು 1866ರಲ್ಲಿ ಆರಂಭಿಸಿದ್ದ ಕಲಾ ಅಕಾಡೆಮಿಯ ಕಟ್ಟಡವೂ ಬೆಂಕಿಗೆ ಆಹುತಿಯಾಯಿತು. ಅಕಾಡೆಮಿ ಸಾಲದಲ್ಲಿ ಮುಳುಗಿದಾಗ ಅದರ ಆಡಳಿತಕ್ಕೆ ಕೈಜೋಡಿಸಿದ್ದ ಉದ್ಯಮಿಗಳು 1879ರಲ್ಲಿ ಹೊರಬಂದು ಪ್ರತ್ಯೇಕ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಹಳೆಯ ಅಕಾಡೆಮಿಯ ಆಸ್ತಿ ಹರಾಜಿಗೆ ಬಂದಾಗ ಅದನ್ನೂ ಕೊಂಡರು. 1882ರಲ್ಲಿ ಸಂಸ್ಥೆಗೆ ಇಂದಿನ ಹೆಸರು ಬಂದಿತು.

ಅದೇ ವರ್ಷ ಅಧ್ಯಕ್ಷ ಸ್ಥಾನಕ್ಕೆ ಬಂದ ಚಾರ್ಲ್ಸ್ ಹಚಿನ್ಸನ್ ಧಾನ್ಯ ವ್ಯಾಪಾರದ ಮನೆತನದವರು, ಬ್ಯಾಂಕರ್. ನಗರದ ಧಾನ್ಯ ವಿನಿಮಯ ಕೇಂದ್ರವಾದ ಬೋರ್ಡ್ ಆಫ್ ಟ್ರೇಡ್‌ನ ಅಧ್ಯಕ್ಷರೂ ಆಗಿದ್ದವರು. 1924ರಲ್ಲಿ ತೀರಿಕೊಳ್ಳುವವರೆಗೆ, ನಾಲ್ಕು ದಶಕಗಳಿಗೂ ಮೀರಿದ ಕಾಲ, ಅವರೇ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದರು. ಅವರ ಬಲಗೈಯಂತಿದ್ದ ಮಾರ್ಟಿನ್ ರೈರ್ಸನ್ ಮರಮುಟ್ಟು ವ್ಯಾಪಾರಿಯ ಮಗ. 1890ರಲ್ಲಿ ಯೂರೋಪಿನಲ್ಲಿದ್ದ ಈ ಇಬ್ಬರಿಗೆ ಡೆಮಿಡಾಫ್ ಎಂಬ ಶ್ರೀಮಂತ ಮನೆತನದ ಡಚ್ ಚಿತ್ರಗಳು ಮಾರಾಟಕ್ಕಿರುವುದು ತಿಳಿಯಿತು. ಸಂಸ್ಥೆಯ ಖಜಾನೆಯಲ್ಲಿ ಅಷ್ಟು ಹಣವಿರಲಿಲ್ಲ. ಇಬ್ಬರೂ ತಮ್ಮ ಹೊಣೆಯ ಮೇಲೆಯೇ ಖರೀದಿ ಮಾಡಿ, ಅನಂತರ ಒಂದೊಂದು ಚಿತ್ರದ ಬೆಲೆಯನ್ನು ಒಬ್ಬೊಬ್ಬ ಉದ್ಯಮಿ ವಹಿಸಿಕೊಂಡು ದಾನವಾಗಿ ನೀಡುವಂತೆ ಮಾಡಿದರು. ಆ ಚಿತ್ರಗಳಲ್ಲಿ ರೆಂಬ್ರಾಂಟನದೆಂದು ಕೊಂಡ ಒಂದು ಕೃತಿಯನ್ನು ಇಂದಿನ ವಿದ್ವಾಂಸರು ಆತನ ಕಾರ್ಯಾಗಾರದಲ್ಲಿ ಶಿಷ್ಯರು ರಚಿಸಿದ್ದೆಂದು ಪರಿಗಣಿಸುತ್ತಾರೆ. ಸಂಗ್ರಹಾಲಯವು ಚಿತ್ರದ ಫಲಕವನ್ನು ಬದಲಾಯಿಸಿತೇ ಹೊರತು ಚಿತ್ರವನ್ನು ಹೊರಹಾಕಲಿಲ್ಲ.

ಕಟ್ಟಡ ಮತ್ತು ಸಪ್ಟೆಂಬರ್ 11

ಮಿಷಿಗನ್ ಅವೆನ್ಯೂ ಮೇಲಿರುವ, ಎರಡು ಕಂಚಿನ ಸಿಂಹಗಳು ಕಾಯುತ್ತಿರುವ ಈಗಿನ ಕಟ್ಟಡ 1893ರದು. ಆ ವರ್ಷ ಷಿಕಾಗೊದಲ್ಲಿ ನಡೆದ ವಿಶ್ವ ವಸ್ತುಪ್ರದರ್ಶನದ ಆಡಳಿತವು ಕಟ್ಟಡದ ವೆಚ್ಚಕ್ಕೆ ಎರಡು ಲಕ್ಷ ಡಾಲರ್ ಕೊಟ್ಟಿತು. ಪ್ರದರ್ಶನದ ಅಂಗವಾಗಿ ನಡೆಯುವ ಸಮ್ಮೇಳನಗಳಿಗೆ ಕಟ್ಟಡವನ್ನು ಮೊದಲು ಬಿಟ್ಟುಕೊಡಬೇಕೆಂಬುದು ಒಪ್ಪಂದ. ಹೀಗಾಗಿ ಚಿತ್ರಗಳು ಗೋಡೆಯೇರುವ ಮೊದಲೇ ಇಲ್ಲಿ ಸರ್ವಧರ್ಮ ಸಮ್ಮೇಳನ ನಡೆಯಿತು. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ತಮ್ಮ ಮೊದಲ ಭಾಷಣ ಮಾಡಿದ್ದು ಈ ಕಟ್ಟಡದಲ್ಲಿಯೇ. 1892ರಲ್ಲಿ ಮೈಸೂರಿಗೆ ಬಂದಿದ್ದ ಸ್ವಾಮೀಜಿಯವರನ್ನು ಆದರದಿಂದ ಬರಮಾಡಿಕೊಂಡವರು ಮಹಾರಾಜ ಚಾಮರಾಜ ಒಡೆಯರ್ ಎಂಬುದನ್ನು ನೆನೆದರೆ, ಕನ್ನಡ ನಾಡಿನಿಂದ ಬರುವ ಪ್ರವಾಸಿಗೆ ಈ ಮೆಟ್ಟಿಲುಗಳನ್ನು ಏರುವಾಗ ಒಂದು ಆತ್ಮೀಯ ಭಾವ ಮೂಡದಿರದು. ಕಟ್ಟಡದ ಮುಂದಿನ ರಸ್ತೆಯ ಒಂದು ಭಾಗಕ್ಕೆ ನಗರಾಡಳಿತವು ಗೌರವಾರ್ಥವಾಗಿ ಸ್ವಾಮೀಜಿಯ ಹೆಸರಿಟ್ಟಿದೆ. 2010ರಲ್ಲಿ ಮುಂಬಯಿಯ ಕಲಾವಿದ ಜಿತೀಶ್ ಕಲ್ಲಟ್ ಆ ಭಾಷಣದ ಪಾಠವನ್ನು ಇಲ್ಲಿನ ಮಹಾಸೋಪಾನದ ಮೆಟ್ಟಿಲುಗಳ ಮೇಲೆ ಬೆಳಕಿನ ಅಕ್ಷರಗಳಲ್ಲಿ ಮೂಡಿಸಿದ್ದರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕ ಸರ್ಕಾರವು ಭಯೋತ್ಪಾದನೆಯ ಎಚ್ಚರಿಕೆಗಾಗಿ ಗೊತ್ತುಪಡಿಸಿದ್ದ ಐದು ಬಣ್ಣಗಳನ್ನೇ ಆ ಅಕ್ಷರಗಳಿಗೆ ಬಳಸಲಾಗಿತ್ತು.

ಖರೀದಿಯ ಲೆಕ್ಕಗಳು

ಸಂಗ್ರಹದ ಹೆಮ್ಮೆಯ ಚಿತ್ರಗಳಿಗೆ ತೆತ್ತ ಬೆಲೆಯನ್ನು ಕೇಳಿದರೆ ವ್ಯಾಪಾರಿಗಳ ಕುತೂಹಲ ಕೆರಳದೆ ಇರದು. ಗ್ರಾಂಟ್ ವುಡ್ 1930ರಲ್ಲಿ ಬರೆದ, ಕವೆಗೋಲು ಹಿಡಿದು ನಿಂತ ರೈತ ಮತ್ತು ಪಕ್ಕದ ಮಹಿಳೆಯ ಚಿತ್ರ ‘ಅಮೆರಿಕನ್ ಗಾಥಿಕ್’ ಸಂಸ್ಥೆಗೆ ದೊರೆತದ್ದು 300 ಡಾಲರಿಗೆ. ಎಡ್ವರ್ಡ್ ಹಾಪರ್ 1942ರಲ್ಲಿ ರಚಿಸಿದ, ನಡುರಾತ್ರಿಯ ಉಪಾಹಾರಗೃಹದ ಚಿತ್ರ ‘ನೈಟ್‌ಹಾಕ್ಸ್’ ಬಣ್ಣ ಒಣಗಿ ಕೆಲವೇ ತಿಂಗಳಲ್ಲಿ 3,000 ಡಾಲರಿಗೆ ಬಂದಿತು. ಇಂದು ಅವೆರಡೂ ಅಮೆರಿಕದ ಅತಿ ಪರಿಚಿತ ಚಿತ್ರಗಳಲ್ಲಿ ಸೇರಿವೆ. ಹೆಸರು ಬೆಳೆದ ಮೇಲೆ ಕೊಳ್ಳುವುದಕ್ಕೂ ಹೆಸರು ಬೆಳೆಯುವ ಮುನ್ನ ಗುಣವನ್ನು ಗುರುತಿಸುವುದಕ್ಕೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಜವಳಿ ವ್ಯಾಪಾರದಿಂದಲೂ ಹೋಟೆಲ್ ಉದ್ಯಮದಿಂದಲೂ ಸಿರಿವಂತರಾದ ಪಾಟರ್ ಪಾಮರ್ ಅವರ ಪತ್ನಿ ಬರ್ತಾ ಪಾಮರ್ 1890ರ ದಶಕದ ಆರಂಭದಲ್ಲಿ ಮೊನೆ, ರೆನ್ವಾ ಮೊದಲಾದ ಫ್ರೆಂಚ್ ಚಿತ್ರಕಾರರ ಕೃತಿಗಳನ್ನು ಕೊಂಡರು. ಆ ಶೈಲಿ ಅಮೆರಿಕದಲ್ಲಿ ಇನ್ನೂ ಹೊಸದಾಗಿದ್ದ ಕಾಲವದು. ಅವರ ಸಂಗ್ರಹ 1922ರಲ್ಲಿ ಸಂಸ್ಥೆಗೆ ಸೇರಿತು. ಮೊನೆಯ ಹುಲ್ಲುಬಣವೆಗಳ ಚಿತ್ರಮಾಲೆಯಲ್ಲಿ ಆರು ಚಿತ್ರಗಳು ಇಂದು ಇಲ್ಲಿವೆ.

ಜಾರ್ಜ್ ಸೂರಾ 1884ರಿಂದ 1886ರವರೆಗೆ ಚುಕ್ಕಿಚುಕ್ಕಿಯಾಗಿ ಬಣ್ಣವಿಟ್ಟು ರಚಿಸಿದ, ಹತ್ತು ಅಡಿ ಅಗಲದ ‘ಗ್ರಾಂಡ್ ಜಾತ್ ದ್ವೀಪದ ಭಾನುವಾರ’ವನ್ನು ಕಬ್ಬಿಣದ ಸಾಮಾನುಗಳ ಸಗಟು ವ್ಯಾಪಾರಿಯ ಮಗ ಫ್ರೆಡರಿಕ್ ಬಾರ್ಟ್‌ಲೆಟ್ ಮತ್ತು ಅವರ ಪತ್ನಿ ಹೆಲೆನ್ 1924ರಲ್ಲಿ 20,000 ಡಾಲರಿಗೆ ಕೊಂಡರು. ಪತ್ನಿ ತೀರಿಕೊಂಡ ನಂತರ, 1926ರಲ್ಲಿ, ಬಾರ್ಟ್‌ಲೆಟ್ ಅವರ ನೆನಪಿಗೆ ಅದನ್ನು ಸಂಸ್ಥೆಗೆ ಕೊಟ್ಟರು. 1958ರಲ್ಲಿ ಈ ಚಿತ್ರವನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಎರವಲು ಕಳುಹಿಸಲಾಗಿತ್ತು. ಆಗ ಅಲ್ಲಿ ಬೆಂಕಿ ಬಿದ್ದಿತು. ಚಿತ್ರವನ್ನು ಪಾರುಮಾಡಲಾಯಿತು; ಅಂದಿನಿಂದ ಅದು ಷಿಕಾಗೊ ಬಿಟ್ಟು ಹೊರಗೆ ಹೋಗಿಲ್ಲ. ವಿಮೆಯ ಹಣ ಎಷ್ಟೇ ಬಂದರೂ ಕೆಲವು ನಷ್ಟಗಳನ್ನು ತುಂಬಲಾಗದೆಂಬ ಅರಿವು ಈ ನಿರ್ಧಾರದ ಹಿಂದಿದೆ.

ಕೆಡವಿದ ಷೇರುಪೇಟೆ, ಉಳಿದ ಕೊಠಡಿ

ಸಂಗ್ರಹಾಲಯದೊಳಗೆ ವರ್ತಕರು ತಪ್ಪದೆ ಕಾಣಬೇಕಾದ ಒಂದು ಕೊಠಡಿಯಿದೆ. ಅದು ಹಳೆಯ ಷಿಕಾಗೊ ಷೇರು ವಿನಿಮಯ ಕೇಂದ್ರದ ವಹಿವಾಟು ಸಭಾಂಗಣ. ಆಡ್ಲರ್ ಮತ್ತು ಸಲಿವನ್ ಎಂಬ ವಾಸ್ತುಶಿಲ್ಪಿಗಳು 1893–94ರಲ್ಲಿ ಕಟ್ಟಿದ ಆ ಕಟ್ಟಡವನ್ನು, ಉಳಿಸಿಕೊಳ್ಳಬೇಕೆಂಬ ಹೋರಾಟದ ನಡುವೆಯೂ, 1972ರಲ್ಲಿ ಕೆಡವಲಾಯಿತು. ಕೆಡವುತ್ತಿದ್ದ ಕಟ್ಟಡದಿಂದ ಅಲಂಕಾರದ ತುಣುಕುಗಳನ್ನು ಉಳಿಸಲು ಒಳಹೊಕ್ಕ ಛಾಯಾಗ್ರಾಹಕ ರಿಚರ್ಡ್ ನಿಕಲ್ ಅದರ ಅವಶೇಷಗಳಡಿ ಸಿಲುಕಿ ಮೃತರಾದರು. ಹೀಗೆ ಉಳಿದ ಭಾಗಗಳಿಂದ ಸಭಾಂಗಣವನ್ನು 1976–77ರಲ್ಲಿ ಸಂಗ್ರಹಾಲಯದೊಳಗೆ ಮರುನಿರ್ಮಿಸಲಾಯಿತು. ಕಟ್ಟಡದ ಪ್ರವೇಶದ್ವಾರದ ಕಮಾನು ಹೊರಗಿನ ತೋಟದಲ್ಲಿ ಒಂಟಿಯಾಗಿ ನಿಂತಿದೆ. ಹಳೆಯ ಪೇಟೆಬೀದಿಗಳ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳುತ್ತಿರುವ ಊರುಗಳವರಿಗೆ ಆ ಕಮಾನು ಹೇಳುವುದು ಬಹಳವಿದೆ.

ಕೆಳ ಅಂತಸ್ತಿನಲ್ಲಿರುವ ಥಾರ್ನ್ ಕಿರುಕೊಠಡಿಗಳು ಸಣ್ಣ ತಯಾರಕರ ಮನಸ್ಸನ್ನು ವಿಶೇಷವಾಗಿ ಸೆಳೆಯುತ್ತವೆ. ಯೂರೋಪ್ ಮತ್ತು ಅಮೆರಿಕದ ಮನೆಗಳ ಒಳಾಂಗಣಗಳನ್ನು ಒಂದು ಅಡಿಗೆ ಒಂದು ಅಂಗುಲದ ಪ್ರಮಾಣದಲ್ಲಿ ತೋರಿಸುವ 68 ಕೊಠಡಿಗಳಿವು. ನಾರ್ಸಿಸಾ ಥಾರ್ನ್ ಎಂಬ ಮಹಿಳೆ 1930ರ ದಶಕದಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ನುರಿತ ಕುಶಲಕರ್ಮಿಗಳಿಂದ ಇವುಗಳನ್ನು ಮಾಡಿಸಿದರು. ಕುರ್ಚಿ, ದೀಪ, ನೆಲಹಾಸು ಎಲ್ಲದರಲ್ಲಿಯೂ ಅಳತೆಯ ಶಿಸ್ತು ಬೆರಗು ಹುಟ್ಟಿಸುತ್ತದೆ.

ದತ್ತಿಯ ಷರತ್ತು, ಒಡೆತನದ ದಾಖಲೆ

ದಾನ ಕೊಡುವವರಿಗೂ ದಾನ ಪಡೆಯುವವರಿಗೂ ಈ ಸಂಸ್ಥೆಯ ಚರಿತ್ರೆಯಲ್ಲಿ ಪಾಠಗಳಿವೆ. 1905ರಲ್ಲಿ ತೀರಿಕೊಂಡ ಬೆಂಜಮಿನ್ ಫರ್ಗುಸನ್ ಎಂಬ ಮರಮುಟ್ಟು ವ್ಯಾಪಾರಿ ಹತ್ತು ಲಕ್ಷ ಡಾಲರ್ ಬಿಟ್ಟುಹೋದರು. ಅದರ ಆದಾಯದಿಂದ ನಗರದ ಸಾರ್ವಜನಿಕ ಸ್ಥಳಗಳಲ್ಲಿ ಶಾಶ್ವತ ಪ್ರತಿಮೆ ಮತ್ತು ಸ್ಮಾರಕಗಳನ್ನು ನಿರ್ಮಿಸಬೇಕೆಂಬುದು ಅವರ ಇಚ್ಛೆ. ಅವುಗಳನ್ನು ಆರಿಸುವ ಹೊಣೆ ಆರ್ಟ್ ಇನ್‌ಸ್ಟಿಟ್ಯೂಟ್‌ನ ಟ್ರಸ್ಟಿಗಳದು. ಆ ಹಣದಿಂದ ಮೊದಲು ಮೂಡಿದ್ದು ಲೊರಾಡೊ ಟಾಫ್ಟ್ ಅವರ ಮಹಾಸರೋವರಗಳ ಕಾರಂಜಿ. 1933ರಲ್ಲಿ ‘ಸ್ಮಾರಕ’ವೆಂಬ ಪದದ ಅರ್ಥದಲ್ಲಿ ಕಟ್ಟಡವೂ ಸೇರುತ್ತದೆಂದು ನ್ಯಾಯಾಲಯದಿಂದ ತೀರ್ಪು ಪಡೆದ ಟ್ರಸ್ಟಿಗಳು, 1950ರ ದಶಕದಲ್ಲಿ ಅದೇ ನಿಧಿಯಿಂದ ಸಂಸ್ಥೆಯ ಕಚೇರಿಗಳಿಗೆ ಒಂದು ಕಟ್ಟಡ ಕಟ್ಟಿಸಿದರು. ಕಾನೂನು ಒಪ್ಪಿದ ಈ ಕಾರ್ಯವನ್ನು ಕಲಾವಿದರು ಮತ್ತು ನಾಗರಿಕರಲ್ಲಿ ಅನೇಕರು ಒಪ್ಪಲಿಲ್ಲ. ದತ್ತಿಪತ್ರದ ಒಂದು ಪದ ಸಡಿಲವಾಗಿದ್ದರೆ ದಾನಿಯ ಆಶಯ ಎಲ್ಲಿಗೆ ಹೋಗಿ ನಿಲ್ಲಬಹುದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನೊಂದು ಪಾಠ ಮಾಲಿನ ಮೂಲಕ್ಕೆ ಸಂಬಂಧಿಸಿದ್ದು. ಥಾಯ್ಲೆಂಡಿನ ಫನೋಮ್ ರುಂಗ್ ದೇವಾಲಯದಿಂದ ಕಳವಾಗಿದ್ದ, ಶೇಷಶಾಯಿ ವಿಷ್ಣುವಿನ ಬಾಗಿಲುವಾಡದ ಶಿಲ್ಪವನ್ನು ಸಂಸ್ಥೆ 1988ರಲ್ಲಿ ಹಿಂದಿರುಗಿಸಿತು. ನಾಗರಾಜ ಮುಚಲಿಂದನ ಹೆಡೆಯ ನೆರಳಿನಲ್ಲಿ ಕುಳಿತ ಬುದ್ಧನ ಹನ್ನೆರಡನೆಯ ಶತಮಾನದ ಶಿಲ್ಪವನ್ನು ನೇಪಾಳಕ್ಕೆ ಮರಳಿಸುವುದಾಗಿ 2025ರಲ್ಲಿ ಪ್ರಕಟಿಸಿತು. ಸಂಸ್ಥೆ 1966ರಲ್ಲಿ ಕೊಂಡಿದ್ದ ಎಗಾನ್ ಷೀಲೆಯ ಚಿತ್ರವೊಂದು, ನಾಜಿ ಶಿಬಿರದಲ್ಲಿ ಸತ್ತ ವಿಯೆನ್ನಾದ ಕಲಾವಿದ ಫ್ರಿಟ್ಜ್ ಗ್ರೂನ್‌ಬೌಮ್ ಅವರ ಸ್ವತ್ತಾಗಿತ್ತು. ವಾರಸುದಾರರು ತೀರ ತಡವಾಗಿ ಬಂದರೆಂದು ಫೆಡರಲ್ ನ್ಯಾಯಾಲಯವೊಂದು 2023ರಲ್ಲಿ ಹೇಳಿತ್ತಾದರೂ, ಪ್ರತ್ಯೇಕ ಪ್ರಕರಣದಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು 2025ರಲ್ಲಿ ಚಿತ್ರವನ್ನು ಅವರಿಗೆ ಒಪ್ಪಿಸುವಂತೆ ಆದೇಶಿಸಿದರು. ಹಣ ಕೊಟ್ಟ ರಸೀದಿಯೊಂದೇ ಸಾಲದು. ಮಾರಿದವನಿಗೆ ಆ ವಸ್ತು ಹೇಗೆ ಬಂದಿತೆಂಬ ಪ್ರಶ್ನೆ ಅರ್ಧ ಶತಮಾನ ಕಳೆದ ಮೇಲೂ ಬಾಗಿಲು ತಟ್ಟಬಲ್ಲದು. ಭಾರತದಲ್ಲಿಯೂ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ಶಿಲ್ಪ, ಚಿತ್ರಗಳನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಕರಕುಶಲ ವಸ್ತುಗಳ ರಫ್ತುದಾರರು, ಹಳೆಯದರಂತೆ ಕಾಣುವ ಹೊಸ ವಸ್ತುಗಳಿಗೆ ಅವು ಪ್ರಾಚ್ಯವಸ್ತುಗಳಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದಿಟ್ಟುಕೊಳ್ಳುವುದು ಕ್ಷೇಮ.

ನಗರದ ಇತರ ಕಲಾತಾಣಗಳು

ಆರ್ಟ್ ಇನ್‌ಸ್ಟಿಟ್ಯೂಟ್‌ಗೆ 2009ರಲ್ಲಿ ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ರೂಪಿಸಿದ ಆಧುನಿಕ ವಿಭಾಗ ಸೇರಿತು. ಅಲ್ಲಿಂದ ಹೊರಡುವ ಪಾದಚಾರಿ ಸೇತುವೆ ಮಿಲೇನಿಯಂ ಪಾರ್ಕಿಗೆ ಒಯ್ಯುತ್ತದೆ. ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರ ‘ಕ್ಲೌಡ್ ಗೇಟ್’ ಇರುವುದು ಇಲ್ಲಿಯೇ. ಸ್ಟೇನ್‌ಲೆಸ್ ಸ್ಟೀಲಿನ 168 ಫಲಕಗಳನ್ನು ಬೆಸೆದು, ಬೆಸುಗೆಯ ಗುರುತೇ ಕಾಣದಂತೆ ಉಜ್ಜಿ ಹೊಳಪಿಸಿದ, ಸುಮಾರು ನೂರು ಟನ್ ತೂಕದ ಈ ಕೃತಿಯನ್ನು 2004ರಲ್ಲಿ ಅಪೂರ್ಣ ಸ್ಥಿತಿಯಲ್ಲಿಯೇ ಜನರಿಗೆ ತೋರಿಸಿ, ಮತ್ತೆ ಮರೆಮಾಡಿ ಹೊಳಪು ಕೊಟ್ಟು, 2006ರಲ್ಲಿ ಪೂರ್ಣಗೊಳಿಸಲಾಯಿತು. ಲೋಹದ ಕೆಲಸದವರು ಇದರ ಕೆಳಗೆ ನಿಂತು ಬೆಸುಗೆಯನ್ನು ಹುಡುಕಿದರೆ ಕೆಲಸದ ನಯ ಅರ್ಥವಾಗುತ್ತದೆ.

1967ರಲ್ಲಿ ಹಳೆಯ ಬೇಕರಿ ಕಟ್ಟಡವೊಂದರಲ್ಲಿ ಆರಂಭವಾದ ಸಮಕಾಲೀನ ಕಲಾ ಸಂಗ್ರಹಾಲಯವು 1996ರಿಂದ ಸ್ವಂತ ಕಟ್ಟಡದಲ್ಲಿದೆ. ಪಿಲ್ಸನ್ ಬಡಾವಣೆಯಲ್ಲಿ ಶಾಲಾ ಶಿಕ್ಷಕರ ಪ್ರಯತ್ನದಿಂದ 1987ರಲ್ಲಿ ಬಾಗಿಲು ತೆರೆದ ಮೆಕ್ಸಿಕನ್ ಕಲೆಯ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಪ್ರವೇಶ ಶುಲ್ಕವಿಲ್ಲ. ದುಡಿಯಲು ಬಂದ ಸಮುದಾಯವೊಂದು ತನ್ನ ಸಂಸ್ಕೃತಿಗೆ ತಾನೇ ಮನೆ ಕಟ್ಟಿಕೊಂಡ ಬಗೆಯನ್ನು ಅಲ್ಲಿ ನೋಡಬಹುದು. ಷಿಕಾಗೊ ವಿಶ್ವವಿದ್ಯಾಲಯದ ಸ್ಮಾರ್ಟ್ ಸಂಗ್ರಹಾಲಯಕ್ಕೂ ಪ್ರವೇಶ ಉಚಿತ. ನಗರದ ಡೇಲಿ ಚೌಕದಲ್ಲಿ 1967ರಿಂದ ನಿಂತಿರುವ ಪಿಕಾಸೊನ ಉಕ್ಕಿನ ಶಿಲ್ಪವನ್ನು ನೋಡಲು ಟಿಕೆಟ್ಟೂ ಬೇಡ, ವೇಳೆಯೂ ಬೇಡ.

ಭೇಟಿ ಕೊಡುವವರಿಗೆ

ಮೆಕಾರ್ಮಿಕ್ ಪ್ಲೇಸ್‌ನ ಅಡಿಯಲ್ಲಿಯೇ ಮೆಟ್ರಾ ಎಲೆಕ್ಟ್ರಿಕ್ ರೈಲು ನಿಲ್ದಾಣವಿದೆ. ವ್ಯಾನ್ ಬ್ಯೂರನ್ ನಿಲ್ದಾಣದಲ್ಲಿ ಇಳಿದರೆ ಆರ್ಟ್ ಇನ್‌ಸ್ಟಿಟ್ಯೂಟ್ ಕಾಲ್ನಡಿಗೆಯ ದೂರ. ಮೇಲ್ಸೇತುವೆಯ ನಗರ ರೈಲಿನಲ್ಲಿ ಬರುವವರು ಆಡಮ್ಸ್–ವಾಬಾಷ್ ನಿಲ್ದಾಣದಲ್ಲಿ ಇಳಿಯಬೇಕು. ವಾರದ ಕೆಲವು ದಿನ ಸಂಗ್ರಹಾಲಯಗಳು ಮುಚ್ಚಿರುವುದರಿಂದ ದಿನ, ವೇಳೆ ಮತ್ತು ಶುಲ್ಕವನ್ನು ಮುಂಚಿತವಾಗಿ ವಿಚಾರಿಸಿ ಹೊರಡುವುದು ಲೇಸು. 14 ವರ್ಷದೊಳಗಿನ ಮಕ್ಕಳಿಗೆ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುಲ್ಕವಿಲ್ಲ. ದೊಡ್ಡ ಚೀಲಗಳನ್ನೂ ಮೇಳದಲ್ಲಿ ಸಂಗ್ರಹಿಸಿದ ಕೈಪಿಡಿಗಳ ಗಂಟನ್ನೂ ಹೋಟೆಲಿನಲ್ಲಿಯೇ ಇಟ್ಟು ಬರುವುದು ಒಳಿತು. ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಆತುರ ಬೇಡ. ಅರ್ಧ ದಿನವಷ್ಟೇ ಬಿಡುವಿದ್ದರೆ ಸೂರಾನ ಚಿತ್ರ, ಷೇರುಪೇಟೆಯ ಸಭಾಂಗಣ, ಥಾರ್ನ್ ಕೊಠಡಿಗಳು ಮತ್ತು ಕ್ಲೌಡ್ ಗೇಟ್ ಈ ನಾಲ್ಕನ್ನು ನಿಧಾನವಾಗಿ ನೋಡಬಹುದು.

ಹಚಿನ್ಸನ್ನರ ತಲೆಮಾರಿನ ವರ್ತಕರು ಗಳಿಸಿದ್ದು ಧಾನ್ಯದಲ್ಲಿ, ಮರದಲ್ಲಿ, ಬಟ್ಟೆಯಲ್ಲಿ. ಅವರ ಅಂಗಡಿಗಳಲ್ಲಿ ಹಲವು ಇಂದು ಇಲ್ಲ. ಹೆಸರುಗಳನ್ನು ನಗರದ ಜನ ಮರೆತಿದ್ದರೂ ಆಶ್ಚರ್ಯವಿಲ್ಲ. ಆದರೆ ಸುಟ್ಟ ಊರನ್ನು ಮತ್ತೆ ಕಟ್ಟುವಾಗ ಗೋದಾಮುಗಳ ಜೊತೆಗೆ ಒಂದು ಕಲಾಮಂದಿರವೂ ಬೇಕೆಂದು ಅವರು ತೀರ್ಮಾನಿಸಿದ್ದರ ಫಲವನ್ನು ಇಂದಿಗೂ ಶಾಲಾಮಕ್ಕಳು ಸಾಲುಗಟ್ಟಿ ಬಂದು ಅನುಭವಿಸುತ್ತಿದ್ದಾರೆ. ತಮ್ಮ ಊರಿನ ಗ್ರಂಥಾಲಯ, ವಸ್ತುಸಂಗ್ರಹಾಲಯ, ಹಳೆಯ ಪೇಟೆಯ ಕಟ್ಟಡಗಳಿಗೆ ಏನಾಗಬೇಕೆಂದು ಯೋಚಿಸುವ ವರ್ತಕ ಸಂಘಗಳಿಗೆ ಷಿಕಾಗೊ ಒಂದು ಮಾದರಿಯನ್ನೂ, ದತ್ತಿ ಮತ್ತು ದಾಖಲೆಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನೂ ಒಟ್ಟಿಗೆ ನೀಡುತ್ತದೆ.