ಅಣಬೆ ಮುಗಿದ ಬೈಹುಲ್ಲು: ಎಸೆಯಬೇಡಿ, ಅವಸರವೂ ಬೇಡ



ಕಳೆದ ಫೆಬ್ರವರಿಯಲ್ಲಿ ನಮ್ಮ ಇಗರ್ಜಿಯ ಸ್ತ್ರೀ ಸಂಘಟನೆಯವರು 200 ತೊಟ್ಟೆಗಳಲ್ಲಿ ಕಾಳುಮೆಣಸಿನ ಬಳ್ಳಿಯ ತುಂಡುಗಳನ್ನು ನೆಟ್ಟಿದ್ದರು. ಮಳೆಗಾಲಕ್ಕೆ ಗಿಡಗಳನ್ನು ಮಾರಿ ಮಕ್ಕಳ ಶಾಲೆಯ ಖರ್ಚಿಗೆ ನಾಲ್ಕು ಕಾಸು ಮಾಡಬೇಕೆಂಬುದು ಅವರ ಆಸೆ. ಹಟ್ಟಿಗೊಬ್ಬರ ಕೊಳ್ಳುವುದು ಕಷ್ಟ. ದನ ಸಾಕುವ ಮನೆಗಳೂ ಕಡಿಮೆಯಾಗಿವೆ. ಆದ್ದರಿಂದ ಅಣಬೆ ಬೆಳೆದು ಮುಗಿದ ಬೈಹುಲ್ಲನ್ನೇ ಮಣ್ಣಿಗೆ ಅರ್ಧದಷ್ಟು ಬೆರೆಸಿರಿ ಎಂದು ಸಲಹೆ ಕೊಟ್ಟವರು ನಾವೇ. ಎಪ್ರಿಲ್ ತಿಂಗಳಿಗೆ ಎಲೆಗಳು ಹಳದಿಯಾದವು, ತೊಟ್ಟೆಯ ಮಣ್ಣು ಕುಸಿದು ಬೇರು ಹೊರಗೆ ಕಂಡಿತು, ಅರ್ಧಕ್ಕಿಂತ ಹೆಚ್ಚು ಗಿಡಗಳು ಸತ್ತವು. ಯಾರೂ ನಮ್ಮನ್ನು ದೂರಲಿಲ್ಲ. ಆದರೂ ತಪ್ಪು ನಮ್ಮದು. ಅದೇ ತಪ್ಪು ಇನ್ನೊಂದು ಮನೆಯಲ್ಲಿ ನಡೆಯಬಾರದೆಂದು ಇದನ್ನು ಬರೆಯುತ್ತಿದ್ದೇವೆ.

ತಪ್ಪಿದ್ದೆಲ್ಲಿ?

ನಮ್ಮ ಮನೆಗಳಲ್ಲಿ ಬೆಳೆಯುವುದು ಚಿಪ್ಪಣಬೆ. ಎರಡು ಮೂರು ಕೊಯ್ಲು ಆದ ಮೇಲೆ, ಸುಮಾರು ಎರಡು ತಿಂಗಳಲ್ಲಿ ತೊಟ್ಟೆಯ ಕೆಲಸ ಮುಗಿಯುತ್ತದೆ. ಆಗ ಹುಲ್ಲು ಮೆತ್ತಗಾಗಿ ಗೊಬ್ಬರದಂತೆಯೇ ಕಾಣುತ್ತದೆ; ಆದರೆ ಪೂರ್ತಿ ಕೊಳೆತಿರುವುದಿಲ್ಲ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಹುಲ್ಲಿನಲ್ಲಿರುವುದು ಸಾಲದಾಗ ಅವು ಮಣ್ಣಿನ ಸಾರಜನಕವನ್ನೇ ತಿನ್ನುತ್ತವೆ. ಗಿಡಕ್ಕೆ ಉಪವಾಸ. ಹುಲ್ಲು ಕೊಳೆತಂತೆ ತೊಟ್ಟೆಯ ಮಣ್ಣು ಕೆಳಗಿಳಿಯುತ್ತದೆ. ಅದು ನೀರನ್ನು ಹೆಚ್ಚು ಹಿಡಿದಿಡುವುದರಿಂದ ಕಾಳುಮೆಣಸಿನ ಎಳೆಬೇರು ಕೊಳೆಯುವ ಅಪಾಯವೂ ಇದೆ.

ಮಾಡಬೇಕಾದ ಕ್ರಮ

ಮೊದಲು ಪ್ಲಾಸ್ಟಿಕ್ ತೊಟ್ಟೆಯನ್ನು ಬಿಡಿಸಿ ತೆಗೆಯಿರಿ. ಅದನ್ನು ಸುಡಬೇಡಿ, ತೊಳೆದು ಒಣಗಿಸಿ ಪಂಚಾಯತಿನ ಹರಿತ ಕರ್ಮ ಸೇನೆಯವರಿಗೆ ಕೊಡಿರಿ. ಹುಲ್ಲನ್ನು ಅಣಬೆ ಕೋಣೆಯಿಂದ ದೂರ, ನೆರಳಿನಲ್ಲಿ ರಾಶಿ ಹಾಕಿರಿ. ಹತ್ತಿರ ಹಾಕಿದರೆ ನೊಣ ಮತ್ತು ಹಸಿರು ಬೂಷ್ಟು ಹೊಸ ತೊಟ್ಟೆಗಳಿಗೆ ಹಿಂದಿರುಗುತ್ತವೆ. ಒಂದು ಪದರ ಹುಲ್ಲು, ಮೇಲೆ ತೆಳ್ಳಗೆ ಸೆಗಣಿ ನೀರು, ಸಿಕ್ಕಿದರೆ ಗ್ಲಿರಿಸಿಡಿಯಾ ಸೊಪ್ಪು. ಹೀಗೆ ಸೊಂಟದೆತ್ತರ ಪೇರಿಸಿ ತೆಂಗಿನ ಮಡಲು ಮುಚ್ಚಿರಿ. ಮಳೆನೀರು ನುಗ್ಗಬಾರದು. 15 ದಿನಕ್ಕೊಮ್ಮೆ ಮಗುಚಿರಿ. ಮುಷ್ಟಿಯಲ್ಲಿ ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು.

ಮೂರು ತಿಂಗಳಲ್ಲಿ ರಾಶಿಯ ಬಿಸಿ ಆರಿ, ಕಪ್ಪಾಗಿ, ಕಾಡುಮಣ್ಣಿನ ವಾಸನೆ ಬರುತ್ತದೆ. ಆಗಲೂ ಅವಸರ ಬೇಡ. ಒಂದು ಗೆರಟೆಯಲ್ಲಿ ಈ ಗೊಬ್ಬರ, ಇನ್ನೊಂದರಲ್ಲಿ ಬರೇ ಮಣ್ಣು ತುಂಬಿ ಎರಡರಲ್ಲೂ ಹತ್ತು ಹತ್ತು ಹೆಸರುಕಾಳು ಬಿತ್ತಿರಿ. ವಾರದೊಳಗೆ ಎರಡರಲ್ಲೂ ಒಂದೇ ಸಮನೆ ಮೊಳೆತರೆ ಗೊಬ್ಬರ ಹದವಾಗಿದೆ; ಇಲ್ಲವಾದರೆ ಇನ್ನೊಂದು ತಿಂಗಳು ಬಿಡಿರಿ.

ತೊಟ್ಟೆ ತುಂಬಲು ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಗೊಬ್ಬರ ಒಂದು ಪಾಲು. ಆ ಒಂದು ಪಾಲಿನಲ್ಲಿ ಅರ್ಧ ಹಟ್ಟಿಗೊಬ್ಬರ, ಅರ್ಧ ಅಣಬೆ ಗೊಬ್ಬರ ಆಗಲಿ.

ಎರೆಹುಳುವಿಗೂ ಈ ಹುಲ್ಲು ಒಳ್ಳೆಯ ಆಹಾರ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಸಂಸ್ಥೆಯು ತೆಂಗಿನ ತೋಟದ ಕಸದಲ್ಲಿ ಚಿಪ್ಪಣಬೆ ಬೆಳೆಸುವ, ಒಣ ಗರಿಗಳಿಂದ ಎರೆಗೊಬ್ಬರ ಮಾಡುವ ಕ್ರಮಗಳನ್ನು ರೂಪಿಸಿದೆ. ಹುಲ್ಲು ಸಾಲದ ಮನೆಯವರು ಅಲ್ಲಿ ವಿಚಾರಿಸಬಹುದು.

ಆರೋಗ್ಯದ ಮಾತು

ಚಿಪ್ಪಣಬೆ ಬಲಿತರೆ ಬಿಳಿ ಹುಡಿ ಉದುರುತ್ತದೆ. ಅದು ಅಣಬೆಯ ಬೀಜಕಣ. ದಿನವೂ ಅದನ್ನು ಉಸಿರಾಡಿದ ಕೆಲವರಿಗೆ ಕೆಲಸ ಮಾಡಿದ ಕೆಲವು ಗಂಟೆಗಳಲ್ಲಿ ಒಣಕೆಮ್ಮು, ಚಳಿಜ್ವರ, ಏದುಸಿರು ಬರುತ್ತದೆ. ಶೀತವೆಂದು ಸುಮ್ಮನಿದ್ದರೆ ಶ್ವಾಸಕೋಶಕ್ಕೆ ಶಾಶ್ವತ ಹಾನಿಯಾಗಬಹುದು. ಅಂಚು ಮೇಲಕ್ಕೆ ಸುರುಟುವ ಮೊದಲೇ ಕೊಯ್ಯಿರಿ. ರಾಶಿ ಮಗುಚುವಾಗ ಮೂಗಿಗೆ ಮಾಸ್ಕ್ ಹಾಕಿರಿ. ದಮ್ಮು ಇರುವವರು ಈ ಕೆಲಸಕ್ಕೆ ಇಳಿಯಬಾರದು. ವೈದ್ಯರ ಬಳಿ ಹೋದಾಗ ಅಣಬೆ ಕೆಲಸ ಮಾಡುತ್ತೇವೆಂದು ತಪ್ಪದೆ ತಿಳಿಸಿರಿ.

ರಾಶಿಯ ಮೇಲೆ ತಾನಾಗಿ ಎದ್ದ ಅಣಬೆಯನ್ನು ಯಾರೂ ತಿನ್ನಬಾರದು. ಅದು ವಿಷದ ಜಾತಿಯದಾಗಿರಬಹುದು. ಮಕ್ಕಳಿಗೆ ಇದನ್ನು ಮುಖ್ಯವಾಗಿ ಹೇಳಿರಿ.

ಹುಲ್ಲನ್ನು ಶುದ್ಧ ಮಾಡಲು ಕೆಲವರು ಫಾರ್ಮಾಲಿನ್ ಮತ್ತು ಕಾರ್ಬೆಂಡಜಿಮ್ ಬಳಸುತ್ತಾರೆ. ಎಂಡೋಸಲ್ಫಾನಿನ ಸಂಕಟ ಕಂಡ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. ಬಿಸಿನೀರಿನಿಂದ ಆಗುವ ಕೆಲಸಕ್ಕೆ ಔಷಧ ಏಕೆ?

ಮೇ ತಿಂಗಳಲ್ಲಿ ಸ್ತ್ರೀಯರು ಧೈರ್ಯಗೆಡದೆ ಹೊಸ ರಾಶಿ ಹಾಕಿದರು. ಆಗಸ್ಟಿನಲ್ಲಿ ಅದೇ ಗೊಬ್ಬರದಲ್ಲಿ ಬದನೆ, ಮೆಣಸಿನ ಸಸಿ ಎಬ್ಬಿಸಿದರು. ಮೊಂತಿ ಹಬ್ಬದ ಹೊತ್ತಿಗೆ ಸಸಿಗಳು ಹಸಿರಾಗಿ ನಿಂತಿದ್ದವು. ಬರುವ ಫೆಬ್ರವರಿಯಲ್ಲಿ ಕಾಳುಮೆಣಸು ಪುನಃ ನೆಡುತ್ತಾರೆ. ಸತ್ತ ಗಿಡಗಳ ನಷ್ಟದಲ್ಲಿ ನಮ್ಮ ಪಾಲನ್ನೂ ಕೊಟ್ಟಿದ್ದೇವೆ.

ಐದು ರೊಟ್ಟಿಗಳಿಂದ ಜನಸಮೂಹವನ್ನು ತಣಿಸಿದ ಯೇಸುಸ್ವಾಮಿ ಉಳಿದ ತುಂಡುಗಳನ್ನೂ ಹಾಳುಮಾಡಲು ಬಿಡಲಿಲ್ಲ. ಹನ್ನೆರಡು ಬುಟ್ಟಿ ತುಂಬಿದವು. ನಮ್ಮ ಹಿತ್ತಿಲಲ್ಲಿ ಉಳಿದದ್ದನ್ನೂ ಹಾಗೆಯೇ ಕೂಡಿಡೋಣ. ಆದರೆ ಅದು ಹದವಾಗುವ ತನಕ ಕಾಯೋಣ. ದೇವರು ನಿಮ್ಮ ದುಡಿಮೆಯನ್ನು ಆಶೀರ್ವದಿಸಲಿ.