ಒಂದು ಮಚ್ಚೆ ಸಾಕೇ?

ಎಲ್ಲರೂ ಕೊಂಡಾಡಿದ ಪುಸ್ತಕ ತನಗೆ ಹಿಡಿಸಲಿಲ್ಲ ಎಂದು ಹೇಳಿಕೊಳ್ಳುವುದು ಸುಲಭವಲ್ಲ. ಅನುಮಾನ ಮೊದಲು ಮೂಡುವುದು ಪುಸ್ತಕದ ಮೇಲಲ್ಲ, ನಮ್ಮ ಓದಿನ ಮೇಲೆಯೇ. ಇಂಗ್ಲಿಷ್ ಕಾದಂಬರಿಕಾರ ಡೇವಿಡ್ ಮಿಚೆಲ್ ಅವರ ‘ಕ್ಲೌಡ್ ಅಟ್ಲಾಸ್’ ಅನ್ನು ನಾನು ಎರಡು ಬಾರಿ ಓದಿದ್ದು ಈ ಅಳುಕಿನಿಂದಲೇ. 2004ರಲ್ಲಿ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದು, 2012ರಲ್ಲಿ ಚಲನಚಿತ್ರವೂ ಆದ ಕೃತಿಯಿದು.

ಅದರ ಪರಿಕಲ್ಪನೆ ಬೆರಗು ಹುಟ್ಟಿಸುವಂಥದ್ದು. ಹತ್ತೊಂಬತ್ತನೇ ಶತಮಾನದ ಸಮುದ್ರಯಾನಿಯ ದಿನಚರಿಯಿಂದ ನಾಗರಿಕತೆಯೇ ಅಳಿದ ದೂರದ ಭವಿಷ್ಯದವರೆಗೆ ಆರು ಕಥೆಗಳು. ಮೊದಲ ಐದು ಅರ್ಧಕ್ಕೆ ತುಂಡಾಗುತ್ತವೆ. ಆರನೆಯದು ಇಡಿಯಾಗಿ ಬಂದ ಮೇಲೆ ಉಳಿದರ್ಧಗಳು ಹಿಮ್ಮುಖವಾಗಿ ಮುಗಿಯುತ್ತವೆ. ಆರಕ್ಕೂ ಆರು ಬಗೆಯ ಭಾಷೆ. ಹಲವು ಪಾತ್ರಗಳ ಮೈಮೇಲೆ ಧೂಮಕೇತುವಿನಾಕಾರದ ಮಚ್ಚೆ: ಒಂದೇ ಜೀವ ಕಾಲದಿಂದ ಕಾಲಕ್ಕೆ ಅಲೆಯುತ್ತಿದೆ ಎಂಬ ಸೂಚನೆ.

ನನಗೆ ನಿರಾಸೆಯಾದದ್ದು ಇಲ್ಲಿಯೇ. 1931ರ ಬೆಲ್ಜಿಯಂನಲ್ಲಿರುವ ಯುವ ಸಂಗೀತಗಾರ ಆ ಹಳೆಯ ದಿನಚರಿಯನ್ನು ಓದುತ್ತಾನೆ. ಅವನ ಬದುಕು ಹಿಡಿದ ದಾರಿ ಬದಲಾಗುವುದಿಲ್ಲ. ಅವನ ಪತ್ರಗಳನ್ನು ಮುಂದಿನ ಕಥೆಯ ಪತ್ರಕರ್ತೆ ಓದುತ್ತಾಳೆ. ಅವಳ ಹೋರಾಟಕ್ಕೆ ಅವು ಅನಿವಾರ್ಯವೆನಿಸುವುದಿಲ್ಲ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಉಣ್ಣುವುದಿಲ್ಲ. ನಂಟಿನ ಗುರುತಿದೆ, ನಂಟಿನ ಭಾರವಿಲ್ಲ.

ಕನ್ನಡದ ಓದುಗನಿಗೆ ಈ ಕೊರತೆ ಬೇಗ ತಿಳಿಯುತ್ತದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ತಾಯಿಯ ಮಾತಿಗೆ ಕಟ್ಟುಬಿದ್ದ ಅರಸ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನಷ್ಟೆ. ಆ ಸಂಕಲ್ಪ ಹಿಂಸೆಯೊಂದೇ ತಾಯಿ–ಮಗನನ್ನು ನವಿಲು, ನಾಯಿ ಎಂದು ಜನ್ಮದಿಂದ ಜನ್ಮಕ್ಕೆ ಅಟ್ಟುತ್ತದೆ. ಕರ್ಮ ಸಿದ್ಧಾಂತವನ್ನು ನಂಬದವನಿಗೂ ಆ ಕಾವ್ಯ ನಾಟುತ್ತದೆ. ಏಕೆಂದರೆ ಅಲ್ಲಿ ಪ್ರತಿ ಜನ್ಮವೂ ಹಿಂದಿನ ಜನ್ಮಕ್ಕೆ ಕೊಟ್ಟ ಉತ್ತರ. ಮಿಚೆಲ್ ಕರ್ಮಕಥೆ ಬರೆಯಬೇಕಿತ್ತೆಂದು ನನ್ನ ವಾದವಲ್ಲ. ಆದರೆ ಜೀವಗಳು ಹೆಣೆದುಕೊಂಡಿವೆ ಎನ್ನುವ ಕೃತಿಯಲ್ಲಿ ಒಂದು ಎಳೆ ಜಗ್ಗಿದರೆ ಇನ್ನೊಂದು ಮಿಸುಕಬೇಡವೇ?

ಹಾಗೆ ಮಿಸುಕುವ ಒಂದು ಕಡೆಯಿದೆ. ಭವಿಷ್ಯದ ಕೊರಿಯಾದಲ್ಲಿ ದುಡಿಮೆಗೆಂದೇ ತಯಾರಿಸಲ್ಪಟ್ಟ ಹೆಣ್ಣು ಸೋನ್ಮಿಯನ್ನು, ಹವಾಯಿಯ ದ್ವೀಪದಲ್ಲಿ ಅಳಿದುಳಿದ ಜನ ಮುಂದೆ ದೇವತೆಯೆಂದು ಪೂಜಿಸುತ್ತಾರೆ. ತುಳಿತಕ್ಕೊಳಗಾದವಳ ಮಾತು ಕಾಲ ದಾಟಿ ಬೇರೆಯೇ ರೂಪ ತಾಳುವ ಆ ಪುಟಗಳನ್ನು ನಾನು ಮರೆಯಲಾರೆ. ಇಡೀ ಕಾದಂಬರಿ ಹೀಗಿದ್ದಿದ್ದರೆ ಎಂಬ ಹಳಹಳಿ ಹುಟ್ಟುವುದೂ ಅಲ್ಲಿಯೇ.

ಕಾದಂಬರಿಯಂತೆಯೇ ತುಂಡುತುಂಡಾದ ಕೃತಿಯೊಂದನ್ನು ಆ ಸಂಗೀತಗಾರ ರಚಿಸುತ್ತಾನೆ. ಇದು ಹೊಸ ಹಾದಿಯೋ ಬರಿಯ ಚಮತ್ಕಾರವೋ ಎಂದು ತಾನೇ ಶಂಕಿಸುತ್ತಾನೆ. ಓದುಗನ ಪ್ರಶ್ನೆಯನ್ನು ಲೇಖಕರು ಮೊದಲೇ ಕೇಳಿಕೊಂಡಿದ್ದಾರೆ, ಸರಿ. ಆದರೆ ಪ್ರಶ್ನೆ ಕೇಳಿಕೊಂಡ ಮಾತ್ರಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ. ಎರಡನೆಯ ಓದಿನ ನಂತರ ನನ್ನ ಅಳುಕು ಹೋಯಿತು, ನಿರಾಸೆ ಉಳಿಯಿತು.